ಎರಡು ಸೇರಿನ ಅಳತೆ



ಪ್ರತಿ ವರ್ಷ ಸಿಇಟಿ ಫಲಿತಾಂಶ ಹೊರಬೀಳುವ ಹೊತ್ತಿಗೆ ನಿಮ್ಮಲ್ಲಿ ಹಲವರಿಂದ ನನಗೆ ಕರೆ ಬರುತ್ತದೆ. "ಸಾರ್, ಮಗಳಿಗೆ ಪಿಯುಸಿಯಲ್ಲಿ ಇಷ್ಟು ಬಂದಿದೆ, ಸಿಇಟಿಯಲ್ಲಿ ಇಷ್ಟು. ರ‍್ಯಾಂಕ್ ಏಕೆ ಹೀಗಾಯಿತು?" ಎಂಬುದೇ ಎಲ್ಲರ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಯಾಗಿ ಹೇಳುವುದನ್ನು ಇಂದು ಒಟ್ಟಾಗಿ ಬರೆಯುತ್ತಿದ್ದೇನೆ. ಬರೆಯುವಾಗ ದನಿ ಸ್ವಲ್ಪ ಏರಿದರೆ ಮನ್ನಿಸಬೇಕು.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಜಡಿಗೇನಹಳ್ಳಿಯಲ್ಲಿ ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಒಂಬತ್ತನೆಯ ತರಗತಿಗೆ ಎರಡು ವಿಭಾಗಗಳಿದ್ದವು. 'ಎ' ವಿಭಾಗದ ವಿಜ್ಞಾನ ನನ್ನದು, 'ಬಿ' ವಿಭಾಗದ್ದು ಸಹೋದ್ಯೋಗಿಯೊಬ್ಬರದು. ಒಮ್ಮೆ ತಾಲ್ಲೂಕು ಮಟ್ಟದ ರಸಪ್ರಶ್ನೆ ಸ್ಪರ್ಧೆಗೆ ಹೊಸಕೋಟೆಗೆ ಮೂವರನ್ನು ಕಳುಹಿಸಬೇಕಾಗಿತ್ತು. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ನೋಡಿ ಮೂವರನ್ನು ಆರಿಸಿದರು. ಮೂವರೂ 'ಬಿ' ವಿಭಾಗದವರೇ. ನನ್ನ ತರಗತಿಯಲ್ಲಿ ಬೆಳಕಿನ ಪ್ರತಿಫಲನದ ಚಿತ್ರವನ್ನು ಅಳತೆಗೋಲಿಟ್ಟು ಬರೆದಷ್ಟೇ ಚೊಕ್ಕವಾಗಿ ಬರಿಗೈಯಿಂದ ಬರೆಯುತ್ತಿದ್ದ ಹುಡುಗನೊಬ್ಬನಿದ್ದ. ಅವನಿಗೆ 71 ಬಂದಿತ್ತು, ಆಯ್ಕೆಯಾದವರಿಗೆಲ್ಲ 80ರ ಮೇಲೆ. ಸಂಜೆ ಗಂಟೆ ಹೊಡೆದ ಮೇಲೆ ಅವನು ಬಾಗಿಲಲ್ಲಿ ನಿಂತು ಕೇಳಿದ: "ಸಾರ್, ಆ ಕ್ಲಾಸಿನವರ ಪೇಪರ್‍ನ ನೀವೇ ತಿದ್ದಿದ್ರೆ ಅವ್ರಿಗೆ ಎಷ್ಟು ಹಾಕ್ತಿದ್ರಿ?"

ನಾನು ಗದರಿ ಕಳುಹಿಸಿದೆ. ಆದರೆ ಆ ಪ್ರಶ್ನೆ ಮನೆಯವರೆಗೂ ಹಿಂಬಾಲಿಸಿತು. ಮರುದಿನ ಸಹೋದ್ಯೋಗಿಯ ಬಳಿ ಉತ್ತರಪತ್ರಿಕೆಗಳ ಕಟ್ಟನ್ನು ಕೇಳಿ ಪಡೆದು, ಆ ಮೂವರ ಉತ್ತರಗಳನ್ನು ನನ್ನ ರೀತಿಯಲ್ಲಿ ತಿದ್ದಿ ನೋಡಿದೆ. ಒಬ್ಬರಿಗೂ 70 ದಾಟಲಿಲ್ಲ. ಸಹೋದ್ಯೋಗಿ ಅಪ್ರಾಮಾಣಿಕರಲ್ಲ, ನಾನೂ ಅಲ್ಲ. ಅವರ ಕೈ ಧಾರಾಳ, ನನ್ನದು ಬಿಗಿ, ಅಷ್ಟೇ. ಎರಡು ಕೈಗಳ ಅಂಕಗಳನ್ನು ಒಂದೇ ಪಟ್ಟಿಯಲ್ಲಿಟ್ಟದ್ದೇ ತಪ್ಪು. ಸ್ಪರ್ಧೆ ಅಷ್ಟರಲ್ಲಿ ಮುಗಿದುಹೋಗಿತ್ತು.

ನಮ್ಮ ಸೀಮೆಯಲ್ಲಿ ರಾಗಿಯನ್ನು ಸೇರಿನಿಂದ ಅಳೆಯುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಕೆಲವರು ಸೇರಿನ ಬಾಯಿಯನ್ನು ಅಂಗೈಯಿಂದ ಸವರಿ ಸಮಮಾಡಿ ಅಳೆಯುವರು, ಕೆಲವರು ಮೇಲೆ ಗೋಪುರ ನಿಲ್ಲುವಂತೆ ತುಂಬಿ ಅಳೆಯುವರು. ಕಡ ತಂದಾಗ ಯಾವ ಅಳತೆಯೋ, ತೀರಿಸುವಾಗಲೂ ಅದೇ ಅಳತೆ ಎಂಬುದು ಅಕ್ಷರ ಬಾರದ ನಮ್ಮ ಅಜ್ಜಿಯರಿಗೂ ತಿಳಿದಿದ್ದ ನ್ಯಾಯ. ಆ ನ್ಯಾಯ ನಮ್ಮ ಎಂಜಿನಿಯರಿಂಗ್ ಪ್ರವೇಶದ ಲೆಕ್ಕದಲ್ಲಿ ಇಲ್ಲವೆಂಬುದೇ ನನ್ನ ಆಕ್ಷೇಪ.

ಲೆಕ್ಕ ಹೀಗಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಈ ಮೂರರಲ್ಲಿ ಹನ್ನೆರಡನೆಯ ತರಗತಿಯ 300 ಅಂಕಗಳನ್ನು 50ಕ್ಕೆ ಇಳಿಸುತ್ತಾರೆ. ಸಿಇಟಿಯ 180 ಅಂಕಗಳನ್ನೂ 50ಕ್ಕೆ ಇಳಿಸುತ್ತಾರೆ. ಎರಡನ್ನೂ ಕೂಡಿ ರ‍್ಯಾಂಕ್ ಕೊಡುತ್ತಾರೆ. ಸಿಇಟಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಸೇರು. ಆದರೆ ಹನ್ನೆರಡನೆಯ ತರಗತಿಯ ಅಂಕ ಒಬ್ಬನಿಗೆ ನಮ್ಮ ರಾಜ್ಯದ ಪಿಯು ಪರೀಕ್ಷೆಯದು, ಇನ್ನೊಬ್ಬನಿಗೆ ಸಿಬಿಎಸ್‌ಇಯದು, ಮತ್ತೊಬ್ಬನಿಗೆ ಐಎಸ್‌ಸಿಯದು. ಪ್ರಶ್ನೆಪತ್ರಿಕೆ ಬೇರೆ, ತಿದ್ದುವ ಕೈ ಬೇರೆ. ಸಾಲದೆಂಬಂತೆ, 2024ರಿಂದ ನಮ್ಮ ಪಿಯುಸಿಯಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳುವ ಅವಕಾಶವಿದೆ. ಇವೆಲ್ಲವನ್ನೂ ಹಾಗೆಹಾಗೆಯೇ ಒಂದೇ ಕಣಜಕ್ಕೆ ಸುರಿಯುತ್ತಾರೆ.

ಇದರಿಂದಾಗುವ ಹಾನಿಯನ್ನು ಕರಿಹಲಗೆಯ ಮೇಲೆ ಬಿಡಿಸುವಂತೆ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗಾಗಿ ನಾನೇ ಇಟ್ಟುಕೊಂಡವು. ಒಂದು ಮಂಡಳಿಯ ಮಕ್ಕಳ ಸರಾಸರಿ 300ಕ್ಕೆ 276, ಇನ್ನೊಂದರ ಮಕ್ಕಳದು 252 ಎಂದುಕೊಳ್ಳಿ. ಇಬ್ಬರೂ ಸಿಇಟಿಯಲ್ಲಿ ಸಮಸಮ. 50ಕ್ಕೆ ಇಳಿಸಿದಾಗ ಮೊದಲಿನವರಿಗೆ 46, ಎರಡನೆಯವರಿಗೆ 42. ಈ ನಾಲ್ಕು ಅಂಕಗಳ ಅಂತರವನ್ನು ಸಿಇಟಿಯಲ್ಲಿ ತುಂಬಿಕೊಳ್ಳಬೇಕಾದರೆ ಹದಿನಾಲ್ಕು ಪ್ರಶ್ನೆಗಳಿಗೂ ಹೆಚ್ಚು ಸರಿಯುತ್ತರ ಬೇಕು. ಒಬ್ಬ ವಿದ್ಯಾರ್ಥಿಯ ಯಾವ ದೋಷಕ್ಕೆ ಈ ದಂಡ?

ಇನ್ನೊಂದು ಮರೆಮಾಚಿದ ಸಂಗತಿಯಿದೆ. ಐವತ್ತಕ್ಕೆ ಐವತ್ತು ಎಂದಾಕ್ಷಣ ಎರಡಕ್ಕೂ ಸಮಾನ ತೂಕವೆಂದು ಪಾಲಕರು ನಂಬುತ್ತಾರೆ. ಸೀಟಿಗಾಗಿ ಪೈಪೋಟಿ ನಡೆಸುವ ಮಕ್ಕಳ ಪಿಯುಸಿ ಅಂಕ 255ರಿಂದ 294ರವರೆಗೆ ಹರಡಿದೆಯೆನ್ನಿ. 50ಕ್ಕೆ ಇಳಿಸಿದಾಗ ಮೇಲಿನವನಿಗೂ ಕೆಳಗಿನವನಿಗೂ ಆರೂವರೆ ಅಂಕಗಳ ಅಂತರ. ಅದೇ ಮಕ್ಕಳ ಸಿಇಟಿ ಅಂಕ 54ರಿಂದ 126ರವರೆಗೆ ಹರಡಿದ್ದರೆ ಅಂತರ ಇಪ್ಪತ್ತು. ಆಗ ರ‍್ಯಾಂಕನ್ನು ನಿರ್ಧರಿಸುವುದು ಬಹುಪಾಲು ಸಿಇಟಿಯೇ. ಅಂಕಗಳ ಹರವನ್ನು ಸರಿದೂಗಿಸದೆ ಸಮಪಾಲು ಎನ್ನುವುದು ಬರಿಯ ಬಾಯಿಮಾತು.

ಈ ಅಂಕಗಳನ್ನು ಹಾಗೆಯೇ ಹೋಲಿಸಲಾಗದೆಂಬುದು ಸರ್ಕಾರಕ್ಕೆ ತಿಳಿಯದ ವಿಷಯವೇನಲ್ಲ. 2021ರಲ್ಲಿ ಕೋವಿಡ್ ಕಾರಣದಿಂದ ದ್ವಿತೀಯ ಪಿಯು ಪರೀಕ್ಷೆ ರದ್ದಾಯಿತು. ಎಸ್‌ಎಸ್‌ಎಲ್‌ಸಿಯಿಂದ ಶೇ. 45, ಪ್ರಥಮ ಪಿಯುಸಿಯಿಂದ ಶೇ. 45, ಆಂತರಿಕ ಮೌಲ್ಯಮಾಪನದಿಂದ ಶೇ. 10 ಎಂದು ಅಂಕ ಹಂಚಲಾಯಿತು. ಎಲ್ಲರೂ ತೇರ್ಗಡೆ, 600ಕ್ಕೆ 600 ಪಡೆದವರೇ 2,239 ಮಂದಿ. ಆ ವರ್ಷ ಸಿಇಟಿ ಅಂಕವನ್ನಷ್ಟೇ ಗಣಿಸಿ ರ‍್ಯಾಂಕ್ ಕೊಟ್ಟರು. ಮರುವರ್ಷ, 2022ರಲ್ಲಿ, ಆ ತಂಡದ ಸುಮಾರು 24,000 ಮಕ್ಕಳು ಮತ್ತೊಮ್ಮೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕವನ್ನು ಕೈಬಿಟ್ಟು, ಹೊಸಬರಿಗೆ ಮಾತ್ರ ಎರಡನ್ನೂ ಕೂಡಲಾಯಿತು. ವಿಷಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಸೆಪ್ಟೆಂಬರ್ 3ರಂದು ಏಕಸದಸ್ಯ ಪೀಠ ಆ ಕ್ರಮವನ್ನು ರದ್ದುಪಡಿಸಿತು. ಮೇಲ್ಮನವಿಯ ಹಂತದಲ್ಲಿ ಸರ್ಕಾರದ ಸಮಿತಿಯೊಂದು ಸೂತ್ರ ಕೊಟ್ಟಿತು: 2021ರವರ ಅಂಕದಲ್ಲಿ ವಿಷಯಕ್ಕೆ ಸರಾಸರಿ 6 ಅಂಕ ಕಳೆದು, ಉಳಿದದ್ದನ್ನು ಕೂಡುವುದು. ವಿಭಾಗೀಯ ಪೀಠ ಅದನ್ನು ಒಪ್ಪಿತು. ಹೊಸ ಪಟ್ಟಿ ಬರುವಾಗ ಅಕ್ಟೋಬರ್ ಬಂದಿತ್ತು.

ಆ ಸೂತ್ರದ ಗುಣದೋಷ ಬೇರೆ ಮಾತು. ಒಂದು ವರ್ಷದ ಅಂಕ ಇನ್ನೊಂದು ವರ್ಷದ ಅಂಕಕ್ಕೆ ಸಮವಲ್ಲವೆಂದು ಅಂದು ಒಪ್ಪಿದವರು, ಒಂದು ಮಂಡಳಿಯ ಅಂಕ ಇನ್ನೊಂದರದಕ್ಕೆ ಸಮವೆಂದು ಹೇಗೆ ನಂಬಿದ್ದಾರೆ? ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಮಾತ್ರ ಅಳತೆ ಸರಿಪಡಿಸುವುದು ಯಾವ ಆಡಳಿತ?

"ಹಾಗಾದರೆ ಪಿಯುಸಿ ಅಂಕವನ್ನೇ ಬಿಟ್ಟು ಸಿಇಟಿ ಒಂದನ್ನೇ ಇಟ್ಟುಕೊಳ್ಳಲಿ" ಎನ್ನುವವರು ನಿಮ್ಮಲ್ಲೇ ಅನೇಕರಿದ್ದಾರೆ. ಜೆಇಇ ಮೇನ್‌ನಲ್ಲಿ 2013ರಿಂದ 2016ರವರೆಗೆ ಹನ್ನೆರಡನೆಯ ತರಗತಿಗೆ ಶೇ. 40 ಪಾಲಿತ್ತು, 2017ರಲ್ಲಿ ಅದನ್ನು ತೆಗೆದರು. ನನಗೆ ಈ ದಾರಿ ಒಪ್ಪಿಗೆಯಿಲ್ಲ. ಒಂದು ವಿಷಯಕ್ಕೆ ಎಂಬತ್ತು ನಿಮಿಷದಲ್ಲಿ ಅರವತ್ತು ಪ್ರಶ್ನೆಗಳಿಗೆ ಗುರುತು ಹಾಕುವ ಚುರುಕು ಒಂದು ಶಕ್ತಿ, ನಿಜ. ಒಂದು ಪ್ರಮೇಯವನ್ನು ಹೆಜ್ಜೆಹೆಜ್ಜೆಯಾಗಿ ಸಾಧಿಸುವುದು, ಒಂದು ಪ್ರಯೋಗವನ್ನು ತನ್ನ ಮಾತಿನಲ್ಲಿ ವಿವರಿಸುವುದು ಇನ್ನೊಂದು ಶಕ್ತಿ. ಎರಡನೆಯದಕ್ಕೆ ಬೆಲೆಯಿಲ್ಲವೆಂದಾದ ದಿನ ಕಾಲೇಜಿನ ಪಾಠ ನೆಪವಾಗುತ್ತದೆ, ಕೋಚಿಂಗ್ ಕೇಂದ್ರವೇ ಕಾಲೇಜಾಗುತ್ತದೆ. ಬೆಳಗ್ಗೆ ಬಸ್ಸು ಹಿಡಿದು ಹೊಸಕೋಟೆಯ ಕಾಲೇಜಿಗೆ ಹೋಗಿಬರುವ ನಮ್ಮ ಹಳ್ಳಿಯ ಹುಡುಗಿಗೆ ಅಲ್ಲಿ ಲಕ್ಷಗಟ್ಟಲೆ ಶುಲ್ಕ ಕೊಡುವ ತಂದೆಯಿಲ್ಲ. ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಇದೆಯಲ್ಲ ಎನ್ನಬಹುದು. ಇರಲಿ, ಬೇಕು. ಆದರೆ ಆ ಮೀಸಲಾತಿಯೊಳಗೂ ಸೀಟು ಹಂಚುವುದು ಇದೇ ರ‍್ಯಾಂಕಿನಿಂದ.

ಹೊಂದಿಸುವ ದಾರಿಗಳು ಅಜ್ಞಾತವಲ್ಲ. ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟ ತಮಿಳುನಾಡಿನಲ್ಲಿ ಬೇರೆ ಮಂಡಳಿಯ ಗರಿಷ್ಠ ಅಂಕವನ್ನು ರಾಜ್ಯ ಮಂಡಳಿಯ ಗರಿಷ್ಠ ಅಂಕಕ್ಕೆ ಸಮಮಾಡಿ ಉಳಿದವರ ಅಂಕವನ್ನು ಅದೇ ಪ್ರಮಾಣದಲ್ಲಿ ಏರಿಸುತ್ತಾರೆ. ಒಬ್ಬ ಮೊದಲಿಗನನ್ನು ನೋಡಿ ಎಲ್ಲರನ್ನೂ ಅಳೆಯುವ ಈ ವಿಧಾನ ನನಗೆ ಸಾಲದೆನಿಸುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಕ್ರಮ ಮೇಲು: ಶಾಲೆ ಕೊಟ್ಟ ಆಂತರಿಕ ಅಂಕವನ್ನು, ಆ ಶಾಲೆಯ ಮಕ್ಕಳು ಸಾರ್ವಜನಿಕ ಪರೀಕ್ಷೆಯಲ್ಲಿ ತೋರಿದ ಮಟ್ಟಕ್ಕೆ ಹೊಂದಿಸಿದ ಮೇಲೆಯೇ ಕೂಡುತ್ತಾರೆ. ಮಕ್ಕಳ ಕ್ರಮಾಂಕವನ್ನು ಶಾಲೆಯೇ ಹೇಳುತ್ತದೆ, ಅಳತೆಯನ್ನು ಮಾತ್ರ ಎಲ್ಲರಿಗೂ ಸಮಾನವಾದ ಪರೀಕ್ಷೆ ಕೊಡುತ್ತದೆ. ನಮ್ಮಲ್ಲಿ ಆ ಸಮಾನ ಪರೀಕ್ಷೆ ಸಿಇಟಿಯ ರೂಪದಲ್ಲಿ 1994ರಿಂದಲೂ ಇದೆ. ಪ್ರತಿ ಮಂಡಳಿಯ ಮಕ್ಕಳ ವಿಷಯವಾರು ಸರಾಸರಿಯನ್ನೂ ಹರವನ್ನೂ ಅದೇ ಮಕ್ಕಳ ಸಿಇಟಿ ಸಾಧನೆಗೆ ಹೊಂದಿಸಿ, ಅನಂತರ ಕೂಡಲಿ. ಇದಕ್ಕೆ ಬೇಕಾದ ಅಂಕಿಗಳೆಲ್ಲ ಕೈಯಲ್ಲೇ ಇವೆ.

ಒಂದು ಎಚ್ಚರಿಕೆ ಅಗತ್ಯ. ನೆರೆಯ ಕೇರಳ 2025ರಲ್ಲಿ ಇಂಥ ಸೂತ್ರವನ್ನು ಬದಲಿಸಲು ಹೋಗಿ, ಪರೀಕ್ಷೆ ಮುಗಿದ ಮೇಲೆ ನಿಯಮ ತಿದ್ದಿತು. ಅಲ್ಲಿನ ಉಚ್ಚ ನ್ಯಾಯಾಲಯ ಜುಲೈಯಲ್ಲಿ ಆ ಪಟ್ಟಿಯನ್ನು ರದ್ದುಮಾಡಿ, ಹಳೆಯ ಸೂತ್ರದ ಪಟ್ಟಿಯೇ ಮರಳಿ ಬಂದಿತು. ಆದ್ದರಿಂದ ಸೂತ್ರ ಯಾವುದೇ ಇರಲಿ, ಮಕ್ಕಳು ಪಿಯುಸಿಗೆ ಸೇರುವ ಮೊದಲೇ, ಕನ್ನಡದಲ್ಲಿ, ಒಂದು ಮಾದರಿ ಲೆಕ್ಕದೊಡನೆ ಪ್ರಕಟವಾಗಬೇಕು.

ಇದರಿಂದ ನಮ್ಮ ರಾಜ್ಯದ ಮಂಡಳಿಯ ಮಕ್ಕಳಿಗೆ ಕೆಲವು ವರ್ಷ ನಷ್ಟವೂ ಆಗಬಹುದೆಂದು ಒಬ್ಬ ಹಳೆಯ ವಿದ್ಯಾರ್ಥಿ ಎಚ್ಚರಿಸಿದ್ದಾನೆ. ಆಗಲಿ. ಗೋಪುರದ ಅಳತೆ ನಮ್ಮ ಕಡೆಗಿದ್ದಾಗ ಸುಮ್ಮನಿದ್ದವರಿಗೆ, ಅದು ಎದುರು ಕಡೆಗೆ ಹೋದಾಗ ಕೂಗುವ ಹಕ್ಕಿರುವುದಿಲ್ಲ. ಪಿಯು ಕಾಲೇಜುಗಳಲ್ಲಿ, ಇಲಾಖೆಯಲ್ಲಿ ಕೆಲಸ ಮಾಡುತ್ತಿರುವ ನನ್ನ ಶಿಷ್ಯರು ಈ ಮಾತನ್ನು ಸಂಬಂಧಪಟ್ಟವರ ಕಿವಿಗೆ ಹಾಕಿರೆಂದು ಕೋರುತ್ತೇನೆ.

ಅಂದು ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದ ಹುಡುಗನಿಗೂ ಈಗ ನರೆಗೂದಲು. ಕಳೆದ ಯುಗಾದಿಗೆ ಮನೆಗೆ ಬಂದಿದ್ದ. ಆ ಸಂಜೆಯನ್ನು ನೆನಪಿಸಿ, ತಪ್ಪು ನನ್ನದೆಂದು ಹೇಳಿದೆ. "ಬಿಡಿ ಸಾರ್, ಯಾವಾಗಿನ ಮಾತು" ಎಂದು ನಕ್ಕ. ಆ ಸಂಜೆ ಏನು ಕೇಳಿದ್ದನೆಂಬುದು ಮಾತ್ರ ಅವನಿಗೂ ಅಕ್ಷರಕ್ಷರ ನೆನಪಿತ್ತು.