ಖರ್ಚಿಗೆ ಉಳಿತಾಯವೆಂದು ಹೆಸರಿಡಬೇಡಿ



ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಒಂದು ಮಾತು ಮಂತ್ರದಂತೆ ಕೇಳಿಬರುತ್ತಿದೆ: “ಸಾಮಾನು ಹೇಗೂ ಕೊಳ್ಳಲೇಬೇಕು. ಕಾರ್ಡಿನಲ್ಲಿ ಕೊಂಡರೆ ಮಗುವಿನ ಕಾಲೇಜಿಗೂ ದುಡ್ಡು ಕೂಡುತ್ತದೆ.” ಊರಿಗೆ ಬಂದಾಗ ಇದನ್ನೇ ತಮ್ಮಂದಿರಿಗೆ, ಸೋದರಳಿಯಂದಿರಿಗೆ ಬೋಧಿಸಿ ಹೋಗುತ್ತಾರೆ. ಕೇಳಿದವರು ಹೌದೆಂದು ತಲೆಯಾಡಿಸುತ್ತಾರೆ. ಈ ಮಾತು ಅರ್ಧ ಸುಳ್ಳು, ಉಳಿದರ್ಧ ಬೇರೆಯವರ ದುಡ್ಡು. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಆದ್ದರಿಂದ ನಾನು ಹೇಳುತ್ತೇನೆ.

ನಾನು ಸಹಕಾರಿ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು. ಮಗಳ ಮನೆಯೆಂದು ಎರಡು ಸಲ ಅಮೆರಿಕಕ್ಕೆ ಹೋಗಿ ತಿಂಗಳುಗಟ್ಟಲೆ ಇದ್ದು ಬಂದವನು. ಅಲ್ಲಿಯ ನಮ್ಮ ಹುಡುಗರು ಜಾಣರು, ದುಡಿಯುವವರು, ಮಕ್ಕಳ ಓದಿನ ಮೇಲೆ ಪ್ರಾಣವಿಟ್ಟವರು. ಆ ಪ್ರೀತಿಯನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರ ಯಾವುದು ಎಂಬುದನ್ನು ಅವರು ತಿಳಿಯಲಿ ಎಂಬುದಷ್ಟೇ ನನ್ನ ಆಸೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಅಮೆರಿಕದ ತೆರಿಗೆ ಕಾನೂನಿಗೆ ೧೯೯೬ರಲ್ಲಿ ೫೨೯ ಎಂಬ ಕಲಮು ಸೇರಿತು. ಅದರ ಹೆಸರಿನಲ್ಲೇ ಕರೆಯುವ ಶಿಕ್ಷಣ ಉಳಿತಾಯ ಖಾತೆಗಳಿವೆ. ಅಲ್ಲಿ ಇಟ್ಟ ಹಣ ಬೆಳೆದು, ಕಾಲೇಜಿನ ಖರ್ಚಿಗೆಂದೇ ತೆಗೆದರೆ, ಬೆಳೆದ ಭಾಗಕ್ಕೆ ಕೇಂದ್ರ ಸರ್ಕಾರದ ತೆರಿಗೆ ಇಲ್ಲ. ಇದು ಒಳ್ಳೆಯ ಏರ್ಪಾಡು, ಇದರ ಮೇಲೆ ನನ್ನ ತಕರಾರಿಲ್ಲ. ಈ ಖಾತೆಯ ಬೆನ್ನಿಗೆ ಇನ್ನೊಂದು ವ್ಯಾಪಾರ ಹುಟ್ಟಿತು. ೨೦೦೧ರಲ್ಲಿ ಶುರುವಾದ ಯುಪ್ರಾಮಿಸ್ ಅದರಲ್ಲಿ ಹೆಸರಾದದ್ದು. ನಿಮ್ಮ ಕಾರ್ಡನ್ನು ಅಲ್ಲಿ ನೋಂದಾಯಿಸಿ, ಅವರು ಗೊತ್ತುಮಾಡಿದ ಅಂಗಡಿ, ಹೋಟೆಲುಗಳಲ್ಲಿ ಕೊಂಡರೆ, ಬಿಲ್ಲಿನ ಚೂರು ಪಾಲು ಮಗುವಿನ ಕಾಲೇಜು ಖಾತೆಗೆ ಹೋಗುತ್ತದೆ. ಈಗ ಕೆಲವು ಕ್ರೆಡಿಟ್ ಕಾರ್ಡುಗಳೇ ಬಹುಮಾನದ ಹಣವನ್ನು ನೇರವಾಗಿ ೫೨೯ ಖಾತೆಗೆ ಕಳಿಸುತ್ತವೆ.

ಈಗ ಲೆಕ್ಕಕ್ಕೆ ಬನ್ನಿ. ಎದುರಾಳಿಗೆ ಅನುಕೂಲವಾಗುವಂತೆಯೇ ಲೆಕ್ಕ ಹಾಕುತ್ತೇನೆ. ತಿಂಗಳಿಗೆ ೧,೦೦೦ ಡಾಲರ್ ಖರ್ಚು, ಅದರ ಮೇಲೆ ಶೇ. ೨ ಬಹುಮಾನ, ಅಂದರೆ ತಿಂಗಳಿಗೆ ೨೦ ಡಾಲರ್. ಮಗು ಹುಟ್ಟಿದ ದಿನದಿಂದ ೧೮ ವರ್ಷ ಒಂದು ತಿಂಗಳೂ ತಪ್ಪದೆ ಕೂಡಿತು ಎನ್ನಿ. ಮೊತ್ತ ೪,೩೨೦ ಡಾಲರ್. ವರ್ಷಕ್ಕೆ ಶೇ. ೫ರಂತೆ ಬೆಳೆದರೂ ಸುಮಾರು ೭,೦೦೦. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ಅದೇ ರಾಜ್ಯದ ಹುಡುಗನಿಗೂ, ಫೀ, ವಸತಿ, ಊಟ ಸೇರಿ ವರ್ಷಕ್ಕೆ ೨೦,೦೦೦ ಡಾಲರ್ ಮೀರುತ್ತದೆ. ಹದಿನೆಂಟು ವರ್ಷದ ಈ ಭಾರಿ ಸಾಧನೆ ನಾಲ್ಕು ವರ್ಷದ ಓದಿನಲ್ಲಿ ನಾಲ್ಕು ತಿಂಗಳಿಗೆ ಸಾಕಾದೀತು!

ಅದು ಸೊನ್ನೆಯಲ್ಲವಲ್ಲ, ಎನ್ನುತ್ತೀರಿ. ಸರಿ. ಆದರೆ ಬಹುಮಾನ ಬರುತ್ತದೆಂಬ ಧೈರ್ಯಕ್ಕೆ ತಿಂಗಳಿಗೆ ೧೦೦ ಡಾಲರಿನ ಸಾಮಾನು ಹೆಚ್ಚು ಕೊಂಡಿರೋ, ವರ್ಷಕ್ಕೆ ೧,೨೦೦ ಕಳೆದು ೨೪ ಗಳಿಸಿದಂತಾಯಿತು. ಆ ೧೦೦ ಡಾಲರನ್ನೇ ನೇರವಾಗಿ ಖಾತೆಗೆ ಹಾಕಿದ್ದರೆ ಅದೇ ಶೇ. ೫ರಲ್ಲಿ ೧೮ ವರ್ಷಕ್ಕೆ ೩೪,೦೦೦ ಡಾಲರ್ ಮೀರುತ್ತಿತ್ತು. ಬಹುಮಾನ ಕೊಡುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ನೀವು ಹೆಚ್ಚು ಕೊಳ್ಳದಿದ್ದರೆ ಅವರು ಏಕೆ ಕೊಡುತ್ತಾರೆ?

ಇನ್ನು ಬಾಕಿ ಉಳಿಸಿಕೊಂಡವರ ಪಾಡು. ಅಮೆರಿಕದಲ್ಲಿ ಕಾರ್ಡಿನ ಬಾಕಿಗೆ ಸರಾಸರಿ ಬಡ್ಡಿ ೨೦೨೩ರಿಂದೀಚೆಗೆ ವರ್ಷಕ್ಕೆ ಶೇ. ೨೦ ದಾಟಿದೆ. ೩,೦೦೦ ಡಾಲರ್ ಬಾಕಿ ವರ್ಷವಿಡೀ ಉಳಿದರೆ ೬೦೦ ಡಾಲರ್ ಬಡ್ಡಿ. ಬಹುಮಾನ ೨೪೦. ನಮ್ಮ ದೇಶದಲ್ಲಂತೂ ತಿಂಗಳಿಗೆ ಶೇ. ೩ರಿಂದ ಶೇ. ೩.೭೫ರವರೆಗೆ ಬಡ್ಡಿ ಹಾಕುವ ಕಾರ್ಡುಗಳಿವೆ. ಬಡ್ಡಿ ಸಾಹುಕಾರ ಹಬ್ಬಕ್ಕೆ ಬೆಲ್ಲದಚ್ಚು ಕೊಟ್ಟನೆಂದು ಹಿಗ್ಗಿದವರ ಕತೆ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ.

“ನಾನು ಬಾಕಿ ಉಳಿಸುವುದಿಲ್ಲ, ಹೆಚ್ಚು ಕೊಳ್ಳುವುದೂ ಇಲ್ಲ. ನನಗೆ ಇದು ಪುಕ್ಕಟೆ ಹಣ” ಎನ್ನುವ ಜಾಣರಿದ್ದಾರೆ. ನನ್ನ ನಿಜವಾದ ಜಗಳ ಇವರ ಜೊತೆಗೆ. ಪುಕ್ಕಟೆ ಹಣ ಎಂಬುದು ಎಲ್ಲಿಂದ ಬಂತು? ಕಾರ್ಡು ಉಜ್ಜಿದಾಗಲೆಲ್ಲ ಅಂಗಡಿಯವನು ನೂರಕ್ಕೆ ಎರಡೋ ಮೂರೋ ಡಾಲರ್ ಶುಲ್ಕ ಕಟ್ಟುತ್ತಾನೆ. ಅದನ್ನು ಅವನು ಕೈಯಿಂದ ಹಾಕುತ್ತಾನೆಯೇ? ಬೆಲೆಗೆ ಸೇರಿಸುತ್ತಾನೆ. ಆ ಏರಿದ ಬೆಲೆಯನ್ನು ಕಾರ್ಡಿದ್ದವನೂ ಕೊಡುತ್ತಾನೆ, ಎಣಿಸಿ ನೋಟು ಕೊಡುವವನೂ ಕೊಡುತ್ತಾನೆ. ಬಹುಮಾನ ಮಾತ್ರ ಒಬ್ಬನಿಗೆ.

ಇದು ನನ್ನ ಊಹೆಯಲ್ಲ. ೨೦೧೦ರಲ್ಲಿ ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಇದನ್ನು ಲೆಕ್ಕಹಾಕಿ ಪ್ರಕಟಿಸಿದರು. ನಗದು ಕೊಡುವ ಕುಟುಂಬವೊಂದು ಸರಾಸರಿ ವರ್ಷಕ್ಕೆ ೧೪೯ ಡಾಲರನ್ನು ಕಾರ್ಡಿನ ಕುಟುಂಬಗಳಿಗೆ ದಾಟಿಸುತ್ತದೆ. ಕಾರ್ಡಿನ ಕುಟುಂಬವೊಂದು ನಗದಿನವರಿಂದ ೧,೧೩೩ ಡಾಲರ್ ಪಡೆಯುತ್ತದೆ. ಆದಾಯದ ಪ್ರಕಾರ ನೋಡಿದರೆ, ವರ್ಷಕ್ಕೆ ೨೦,೦೦೦ ಡಾಲರಿಗಿಂತ ಹೆಚ್ಚಿಲ್ಲದ ಕುಟುಂಬ ೨೧ ಡಾಲರ್ ಕಳೆದುಕೊಳ್ಳುತ್ತದೆ. ೧,೫೦,೦೦೦ ಡಾಲರ್ ಮೀರಿದ ಕುಟುಂಬ ೭೫೦ ಡಾಲರ್ ಗಳಿಸುತ್ತದೆ. ಬಡವನ ಜೋಳಿಗೆಯಿಂದ ಉಳ್ಳವನ ಕಣಜಕ್ಕೆ! ದಾಸೋಹವೆಂದರೆ ಇದ್ದವರು ಇಲ್ಲದವರಿಗೆ ಬಡಿಸುವುದು ಎಂದು ತಿಳಿದವರು ನಾವು. ಇದು ತಲೆಕೆಳಗಾದ ದಾಸೋಹ. ಹೋಟೆಲಿನಲ್ಲಿ ತಟ್ಟೆ ತೊಳೆಯುವ ತಾಯಿಯೊಬ್ಬಳು ಹಾಲಿಗೆ ಕೊಟ್ಟ ಹೆಚ್ಚಿನ ಚಿಲ್ಲರೆ ಎಂಜಿನಿಯರನ ಮಗನ ಕಾಲೇಜಿಗೆ ಹೋಗುತ್ತಿದೆ. ಅವಳ ಮಗಳ ಕಾಲೇಜಿಗೆ ಕೂಡಿಡುವವರು ಯಾರು?

ಹೀಗೆಯೇ ಇರಬೇಕೆಂಬ ನಿಯಮವೇನೂ ಇಲ್ಲ. ಯುರೋಪಿನ ಒಕ್ಕೂಟ ೨೦೧೫ರಲ್ಲಿ ಜನಸಾಮಾನ್ಯರ ಕ್ರೆಡಿಟ್ ಕಾರ್ಡಿಗೆ ಬ್ಯಾಂಕುಗಳ ನಡುವಿನ ಶುಲ್ಕವನ್ನು ಶೇ. ೦.೩ಕ್ಕೆ ಕಟ್ಟಿಹಾಕಿತು. ಅಮೆರಿಕದಲ್ಲಿ ೨೦೧೦ರ ಕಾನೂನು ಡೆಬಿಟ್ ಕಾರ್ಡಿನ ಶುಲ್ಕಕ್ಕಷ್ಟೇ ಮಿತಿ ಹಾಕಿತು, ಕ್ರೆಡಿಟ್ ಕಾರ್ಡನ್ನು ಮುಟ್ಟಲಿಲ್ಲ. ಬಹುಮಾನ ಪಡೆಯುವವರೆಲ್ಲ ತಮಗರಿಯದೆಯೇ ಆ ಶುಲ್ಕದ ಕಾವಲುಗಾರರಾಗುತ್ತಾರೆ.

ಇನ್ನೂ ಒಂದು ಮಾತು. ಯುಪ್ರಾಮಿಸನ್ನು ೨೦೦೬ರಲ್ಲಿ ಕೊಂಡದ್ದು ಯಾರು ಗೊತ್ತೇ? ಸ್ಯಾಲಿ ಮೇ, ವಿದ್ಯಾರ್ಥಿಗಳಿಗೆ ಸಾಲ ಕೊಡುವುದರಲ್ಲೇ ಹೆಸರಾದ ಕಂಪನಿ. ಒಂದು ಕೈಯಲ್ಲಿ ಕಾಲೇಜಿಗೆ ಚಿಲ್ಲರೆ ಕೂಡಿಸಿಕೊಡುವುದು, ಇನ್ನೊಂದು ಕೈಯಲ್ಲಿ ಸಾಲದೆ ಬಂದವರಿಗೆ ಸಾಲ ಕೊಡುವುದು. ೨೦೨೦ರಲ್ಲಿ ಅದು ಪ್ರೊಡೀಜ್ ಎಂಬ ಇನ್ನೊಂದು ಕಂಪನಿಯ ಪಾಲಾಯಿತು. ಅದಕ್ಕೂ ಮೊದಲು, ೨೦೧೨ರಲ್ಲಿ, ಫೆಡರಲ್ ಟ್ರೇಡ್ ಕಮಿಷನ್ ಯುಪ್ರಾಮಿಸ್ ಮೇಲೆ ಆರೋಪ ಹೊರಿಸಿತ್ತು. ಗ್ರಾಹಕರು ಕಂಪ್ಯೂಟರಿಗೆ ಹಾಕಿಕೊಂಡ ಅದರ ಟೂಲ್‌ಬಾರ್ ಅವರು ತೆರೆದ ಪುಟಗಳನ್ನು, ಕೆಲವೊಮ್ಮೆ ಕಾರ್ಡಿನ ಸಂಖ್ಯೆಗಳನ್ನೂ ಸಂಗ್ರಹಿಸಿ, ಭದ್ರತೆಯಿಲ್ಲದೆ ರವಾನಿಸುತ್ತಿತ್ತು ಎಂಬುದೇ ಆ ಆರೋಪ. ಪ್ರಕರಣ ರಾಜಿಯಾಯಿತು. ಆ ಆದೇಶವನ್ನು ಪಾಲಿಸಲಿಲ್ಲವೆಂಬ ಆರೋಪದ ಮೇಲೆ ೨೦೧೭ರಲ್ಲಿ ೫ ಲಕ್ಷ ಡಾಲರ್ ದಂಡ ಕಟ್ಟಲು ಕಂಪನಿ ಒಪ್ಪಿತು. ನೀವು ಏನು ಕೊಳ್ಳುತ್ತೀರಿ, ಎಲ್ಲಿ ತಿನ್ನುತ್ತೀರಿ ಎಂಬ ಸುದ್ದಿಗೂ ಮಾರುಕಟ್ಟೆಯಲ್ಲಿ ಬೆಲೆಯಿದೆ. ಪುಕ್ಕಟೆ ಎನ್ನುವವರು ಆ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಲಿ.

ಹಾಗಾದರೆ ಕಾರ್ಡನ್ನು ಕತ್ತರಿಸಿ ಎಸೆಯಬೇಕೇ? ನಾನು ಹಾಗೆ ಹೇಳುವುದಿಲ್ಲ. ಅಲ್ಲಿಯ ಬದುಕಿಗೆ ಕಾರ್ಡು ಬೇಕು. ಆದರೆ ಬಂದ ಬಹುಮಾನಕ್ಕೆ ಗಳಿಕೆ ಎನ್ನಬೇಡಿ, ಖರ್ಚಿಗೆ ಉಳಿತಾಯ ಎನ್ನಬೇಡಿ. ಮುಖ್ಯವಾಗಿ ಮಕ್ಕಳೆದುರು ಎನ್ನಬೇಡಿ. ಕೊಳ್ಳುವುದೇ ಕೂಡಿಡುವುದು ಎಂದು ಎಂಟು ವರ್ಷಕ್ಕೇ ಕಲಿತ ಮಗು ಮುಂದೆ ಯಾವ ಕಾಲೇಜಿನಲ್ಲಿ ಅದನ್ನು ಮರೆಯಬೇಕು?

ದಾರಿ ಸರಳ. ಸಂಬಳ ಬಂದ ದಿನವೇ ಮಗುವಿನ ಪಾಲನ್ನು ೫೨೯ ಖಾತೆಗೆ ಹಾಕಿ, ಉಳಿದದ್ದರಲ್ಲಿ ಸಂಸಾರ ಮಾಡಿ. ಆ ಖಾತೆಗೆ ತಂದೆತಾಯಿಯೇ ಹಾಕಬೇಕೆಂದಿಲ್ಲ, ಯಾರು ಬೇಕಾದರೂ ಹಾಕಬಹುದು. ನಾಮಕರಣ, ಹುಟ್ಟುಹಬ್ಬಗಳಲ್ಲಿ ಅಲ್ಲಿಯ ಬಂಧುಗಳು ಬೆಳ್ಳಿ ಬಟ್ಟಲು, ರೇಷ್ಮೆ ಲಂಗ ತರುವ ಬದಲು ಖಾತೆಗೆ ೨೫ ಡಾಲರ್ ಹಾಕಲಿ. ಬಹುಮಾನದ ಹಣ ಬಂದರೆ, ಅದು ಯಾರ ಜೇಬಿನಿಂದ ಬಂತೋ ಅಂಥವರ ಮಕ್ಕಳ ಓದಿಗೆ ಕೊಡಿ.

ನಮ್ಮ ಹಿರಿಯರು ಕಾಲೇಜಿಗೆ ಹಣ ಕೂಡಿಸಿದ್ದು ಹೇಗೆಂಬುದು ನೆನಪಿರಲಿ. ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳಿಗೆಂದು ಬರೆದಿಟ್ಟರು. ಸಪ್ತರ್ಷಿಗಳೆಂದು ಹೆಸರಾದ ಏಳು ಮಂದಿ ೧೯೧೬ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು, ಅದರ ಮೊದಲ ಕಾಲೇಜು ೧೯೩೩ರಲ್ಲಿ ಲಿಂಗರಾಜರ ಹೆಸರಿನಲ್ಲೇ ತೆರೆಯಿತು. ಅಲ್ಲಿ ಓದಿದವರ ಮೊಮ್ಮಕ್ಕಳೇ ಇಂದು ಸಾಗರದಾಚೆ ಕಾರ್ಡು ಹಿಡಿದು ನಿಂತಿದ್ದಾರೆ. ಅವರನ್ನು ಓದಿಸಿದ್ದು ಯಾರೋ ಕೊಂಡ ಸಾಮಾನಲ್ಲ, ಯಾರೋ ಬಿಟ್ಟುಕೊಟ್ಟ ಆಸ್ತಿ. ಮುಂದಿನ ತಲೆಮಾರನ್ನೂ ಓದಿಸುವುದು ಅದೇ.