ದಂಡೆ ಚೆಂದ, ನೀರು ಎಲ್ಲಿಂದ?

ಹೋದ ಸೆಮಿಸ್ಟರ್‌ನ ಫಲಿತಾಂಶ ಬಂದಾಗ ನನ್ನ ಗಣಿತ ಎರಡನೇ ಸಲ ಉಳಿದುಕೊಂಡಿತ್ತು. ಊರಿಗೆ ಫೋನ್ ಮಾಡುವ ಧೈರ್ಯ ಇರಲಿಲ್ಲ. ಪಿ.ಜಿ.ಯಲ್ಲಿ ಮೂವರು ಮಲಗುವ ಕೋಣೆ. ಅಳುವುದಕ್ಕೂ ಅಲ್ಲಿ ಜಾಗವಿಲ್ಲ. ನನ್ನ ಮುಖ ನೋಡಿದ ರೂಮ್‌ಮೇಟ್ ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಹೊದಿಕೆ ಎಳೆದು, ‘ಏಳು ಮಗಾ, ಜಕ್ಕೂರು ಕೆರೆಗೆ ಹೋಗಿ ಬರೋಣ’ ಎಂದ. ಬೈಕಿನ ಹಿಂದೆ ಕೂತು ಹೋದೆ.

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಈ ಕೆರೆ ಸುಮಾರು 160 ಎಕರೆಯಷ್ಟಿದೆ. ಮಂಜು ಇನ್ನೂ ನೀರಿನ ಮೇಲೆಯೇ ಇತ್ತು. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಕೂತಿದ್ದವು. ನಡಿಗೆ ಹಾದಿಯಲ್ಲಿ ಹಿರಿಯರು ರಾಜಕೀಯ ಮಾತಾಡುತ್ತಾ ಸುತ್ತು ಹಾಕುತ್ತಿದ್ದರು. ಒಬ್ಬ ಹುಡುಗಿ ಕಲ್ಲುಬೆಂಚಿನ ಮೇಲೆ ಕೆ.ಎ.ಎಸ್. ಪುಸ್ತಕ ತೆರೆದು ಕೂತಿದ್ದಳು. ಮೀನುಗಾರರೊಬ್ಬರು ಬಲೆ ಬಿಡಿಸುತ್ತಿದ್ದರು. ನಾನೂ ಒಂದು ಗಂಟೆ ಸುಮ್ಮನೆ ಕೂತೆ. ಗಣಿತ ಪಾಸಾಗಲಿಲ್ಲ ನಿಜ, ಆದರೆ ಎದೆಯ ಮೇಲಿದ್ದ ಭಾರ ಸ್ವಲ್ಪ ಇಳಿಯಿತು. ಹತ್ತು ಗಂಟೆಗೆ ಅಪ್ಪನಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ‘ಆಯ್ತು ಬಿಡಪ್ಪ, ಮುಂದಿನ ಸಲ ಬರಿ’ ಎಂದರು, ಅಷ್ಟೇ.

ಅಂದಿನಿಂದ ತಿಂಗಳಿಗೆ ಎರಡು ಸಲವಾದರೂ ಅಲ್ಲಿಗೆ ಹೋಗುತ್ತೇನೆ. ಸಿವಿಲ್ ಎಂಜಿನಿಯರಿಂಗ್ ಓದುವವನಿಗೆ ಒಂದು ಕೆಟ್ಟ ಚಟ ಇರುತ್ತದೆ. ಏನು ಕಂಡರೂ ‘ಇದು ಹೇಗೆ ನಿಂತಿದೆ?’ ಎಂದು ಕೇಳಿಕೊಳ್ಳುವುದು. ಬೇಸಿಗೆಯಲ್ಲೂ ಈ ಕೆರೆ ತುಂಬಿರುವುದು ಹೇಗೆ? ಮಳೆ ನೀರಂತೂ ಅಲ್ಲ.

ಉತ್ತರ ಕೆರೆಯ ಮೇಲ್ಭಾಗದಲ್ಲಿತ್ತು. ಅಲ್ಲಿ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ನಮ್ಮ ಪಿ.ಜಿ.ಯಂಥ ಸಾವಿರಾರು ಮನೆಗಳ ಬಚ್ಚಲು, ಅಡುಗೆಮನೆ, ಪಾಯಿಖಾನೆಯ ನೀರು ಇಂಥ ಘಟಕಗಳಿಗೆ ಹೋಗುತ್ತದೆ. ಮೊದಲ ಹಂತದಲ್ಲಿ ಗಸಿ ತಳಕ್ಕಿಳಿಯುತ್ತದೆ. ಎರಡನೇ ಹಂತದಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಾರೆ, ಅವು ನೀರಿನಲ್ಲಿರುವ ಸಾವಯವ ಕೊಳೆಯನ್ನು ತಿನ್ನುತ್ತವೆ. ಆದರೂ ಸಾರಜನಕ, ರಂಜಕ ಉಳಿದುಬಿಡುತ್ತವೆ. ಹಾಗೇ ಕೆರೆಗೆ ಬಿಟ್ಟರೆ ಅದು ಪಾಚಿ, ಅಂತರಗಂಗೆಗಳಿಗೆ ಗೊಬ್ಬರ ಹಾಕಿದ ಹಾಗೆ. ಜಕ್ಕೂರಿನಲ್ಲಿ ಆ ನೀರು ನೇರವಾಗಿ ಕೆರೆಗೆ ಬರುವುದಿಲ್ಲ. ಮೊದಲು ಜೊಂಡು, ಆಪು ಬೆಳೆದ ಜೌಗು ನೆಲದಲ್ಲಿ ನಿಧಾನಕ್ಕೆ ಹರಿಯುತ್ತದೆ. ಗಿಡಗಳ ಬೇರು ಆ ಪೋಷಕಾಂಶಗಳನ್ನು ಹೀರಿಕೊಳ್ಳುತ್ತವೆ, ಉಳಿದ ಮಣ್ಣು, ಗಸಿ ಅಲ್ಲೇ ನಿಲ್ಲುತ್ತದೆ. ಆಮೇಲೆ ಕೆರೆ. ಕೆರೆ ತುಂಬಿದರೆ ಮುಂದಿನ ರಾಚೇನಹಳ್ಳಿ ಕೆರೆ.

ನಾವು ಫೋಟೊ ತೆಗೆಯುವುದು ಹೆಜ್ಜಾರ್ಲೆಯದ್ದು. ಆ ಹೆಜ್ಜಾರ್ಲೆಗೆ ಮೀನು ಕೊಡುವುದು ಯಾರೂ ಫೋಟೊ ತೆಗೆಯದ ಈ ಜೊಂಡು.

ಇದನ್ನು ನೋಡಿದ ದಿನ ನನಗೆ ನೆನಪಾದದ್ದು ನಮ್ಮೂರ ಕೆರೆ. ನಮ್ಮದು ಕೋಲಾರ ಜಿಲ್ಲೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಸೀಮೆ. ನಾನು ಹುಟ್ಟಿದಾಗಿನಿಂದ ನಮಗೆ ಕೆರೆ ಅಂದರೆ ಕ್ರಿಕೆಟ್ ಮೈದಾನ. ಜಾಲಿ ಬೆಳೆದಿದ್ದ ಕಡೆ ಬೌಂಡರಿ, ತೂಬಿನ ಕಲ್ಲು ವಿಕೆಟ್. ‘ಇಲ್ಲಿ ನಿಮ್ಮ ತಾತ ಈಜು ಕಲಿತಿದ್ದು’ ಎಂದು ಅಜ್ಜಿ ಹೇಳಿದರೆ ನಗುತ್ತಿದ್ದೆವು.

2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು, ಅಂದರೆ ಎಲ್ಲರ ಬಾಯಲ್ಲಿರುವ ಕೆ.ಸಿ. ವ್ಯಾಲಿ ನೀರು, ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ 126 ಕೆರೆ ತುಂಬಿಸುವ ಯೋಜನೆ ಅದು. ಒಂದು ಕೆರೆ ತುಂಬಿ ಕೋಡಿ ಹರಿದರೆ ಕಾಲುವೆಯಲ್ಲಿ ಮುಂದಿನ ಕೆರೆಗೆ. ಹಿರಿಯರು ಕಟ್ಟಿದ್ದ ಕೆರೆಗಳ ಸರಪಳಿಯೇ ಇದಕ್ಕೂ ದಾರಿಯಾಯಿತು. ನಮ್ಮೂರಿಗೆ ನೀರು ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಊರಿಗೆ ಊರೇ ಕಟ್ಟೆಯ ಮೇಲೆ ನಿಂತಿತ್ತು. ಹೆಂಗಸರು ಬಾಗಿನ ಬಿಟ್ಟರು. ನಮ್ಮ ಮೈದಾನ ಮುಳುಗಿತಲ್ಲ ಎಂದು ನಮಗೆ ಬೇಸರವೂ ಆಯಿತು.

ಆದರೆ ಅಜ್ಜಿ ಒಂದು ಮಾತು ಕೇಳಿದಳು. ‘ಇದು ಬೆಂಗಳೂರೋರ ಕಕ್ಕಸಿನ ನೀರಂತಲ್ಲೋ, ಹೌದೇನೋ?’ ಆಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಅರ್ಧ ಇದೆ. ಹೌದು ಅಜ್ಜಿ, ಅದೇ ನೀರು. ತೊಳೆದದ್ದು. ಎಷ್ಟು ತೊಳೆದಿದ್ದಾರೆ ಎನ್ನುವುದೇ ಪ್ರಶ್ನೆ.

ಅದು ಅಜ್ಜಿಯೊಬ್ಬಳ ಪ್ರಶ್ನೆಯಾಗಿರಲಿಲ್ಲ. ನೀರು ಬಂದ ಮರು ತಿಂಗಳಲ್ಲೇ ಲಕ್ಷ್ಮೀಸಾಗರದಲ್ಲಿ ನೊರೆ ಕಾಣಿಸಿತು. ಹೈಕೋರ್ಟ್ ತಡೆ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಕೊನೆಗೆ ನೀರು ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ನಮ್ಮ ಭಾಗದ ನೀರಾವರಿ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಇದು ಅಂತರ್ಜಲ ಮರುಪೂರಣಕ್ಕೆ, ಕುಡಿಯಲು ಅಲ್ಲ ಎನ್ನುತ್ತದೆ ಸರ್ಕಾರ. ಆದರೆ ಕೆರೆಯಲ್ಲಿ ಇಂಗಿದ ನೀರು ಬೋರ್‌ವೆಲ್‌ಗೆ ಬರುತ್ತದೆ. ಅದೇ ಬೋರ್‌ವೆಲ್ ನಮ್ಮ ಟೊಮೆಟೊಗೂ ನಮ್ಮ ಮನೆಗೂ.

ಎರಡೂ ಕಡೆಯ ಮಾತಿನಲ್ಲಿ ನಿಜವಿದೆ ಎಂದು ನನಗನ್ನಿಸುತ್ತದೆ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದನ್ನು ನಮ್ಮ ಹೊಲದಲ್ಲೇ ಕಂಡಿದ್ದೇನೆ. ನನ್ನ ಕಾಲೇಜು ಫೀಸಿನಲ್ಲಿ ಆ ನೀರಿನ ಪಾಲೂ ಇದೆ. ಹಾಗಾಗಿ ‘ಕೊಳಚೆ ಬೇಡ, ನಿಲ್ಲಿಸಿ’ ಎಂದು ನಾನು ಹೇಳಲಾರೆ. ಆದರೆ ನನ್ನ ಚಿಕ್ಕಪ್ಪನ ಮಕ್ಕಳನ್ನು ಇವತ್ತಿಗೂ ಆ ಕೆರೆಗೆ ಇಳಿಯಲು ಬಿಡುವುದಿಲ್ಲ. ಕೆರೆ ತುಂಬಿದೆ, ಈಜು ಕಲಿಯಲು ಮಾತ್ರ ಆಗುವುದಿಲ್ಲ. ನಾನು ಬೆಂಗಳೂರಿನ ಕೆರೆಯ ದಂಡೆಯಲ್ಲಿ ಕೂತು ಸಮಾಧಾನ ಮಾಡಿಕೊಳ್ಳುವಾಗ, ಬೆಂಗಳೂರಿನ ನೀರು ತುಂಬಿದ ಕೆರೆಯ ದಂಡೆಯಲ್ಲಿ ನಮ್ಮ ಹುಡುಗರು ದೂರ ನಿಂತು ನೋಡುತ್ತಾರೆ.

ಈಗ ಕೆರೆ ಅಭಿವೃದ್ಧಿಯ ಸುದ್ದಿಗಳನ್ನು ಗಮನಿಸಿ. ನಡಿಗೆ ಹಾದಿ, ಬಣ್ಣದ ದೀಪ, ಕಾರಂಜಿ, ಬೋಟಿಂಗ್, ಸೆಲ್ಫಿ ಪಾಯಿಂಟ್. ಇವೆಲ್ಲ ದಂಡೆಯ ಕೆಲಸ, ಉದ್ಘಾಟನೆಗೆ ಚೆನ್ನಾಗಿ ಕಾಣುತ್ತವೆ. ಒಳಚರಂಡಿ ಜೋಡಣೆ, ರಾಜಕಾಲುವೆಯ ಹೂಳು, ಜೌಗು ನೆಲದ ನಿರ್ವಹಣೆ ಒಳಹರಿವಿನ ಕೆಲಸ, ಅದಕ್ಕೆ ರಿಬ್ಬನ್ ಕಟ್ಟಲು ಬರುವುದಿಲ್ಲ. ಒಳಹರಿವನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಬೆಳ್ಳಂದೂರು ತೋರಿಸಿದೆ. 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿ ಬಿದ್ದು, ಆರಿಸಲು ಸೈನಿಕರೂ ಬರಬೇಕಾಯಿತು. ನೀರಿಗೆ ಬೆಂಕಿ ಬಿದ್ದ ಮೇಲೆ ದಂಡೆಯಲ್ಲಿ ಯಾವ ಬೆಂಚು ಹಾಕಿದರೇನು?

ಒಳಹರಿವಿಗೆ ಬೇಕಾದದ್ದು ಮುಖ್ಯವಾಗಿ ಜಾಗ. ಜೊಂಡು ಬೆಳೆಯಲು, ಮಳೆ ಜೋರಾದಾಗ ನೀರು ಹರಡಿಕೊಳ್ಳಲು ಕೆರೆಯ ಸುತ್ತ ಖಾಲಿ ನೆಲ ಬೇಕು. ಅದೇ ಮೀಸಲು ವಲಯ. ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಇರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, ಹಳೆಯ 30 ಮೀಟರ್ ಉಳಿಯಿತು. 2025ರಲ್ಲಿ ನಮ್ಮ ವಿಧಾನಮಂಡಲ ಇನ್ನೊಂದು ಹೆಜ್ಜೆ ಇಟ್ಟು, ಎಲ್ಲ ಕೆರೆಗೂ ಒಂದೇ 30 ಮೀಟರ್ ಬದಲು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಕಡಿಮೆ ಮಾಡುವ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸಣ್ಣ ಕೆರೆಗೆ ಸಣ್ಣ ಅಂಚು ಸಾಕು ಎಂಬ ವಾದ ಕೇಳಲು ಸರಿ ಎನಿಸುತ್ತದೆ. ಆದರೆ ಕೆರೆಗಳು ಒಂಟಿಯಲ್ಲ, ಸರಪಳಿ. ಮೇಲಿನ ಸಣ್ಣ ಕುಂಟೆಯಲ್ಲಿ ನಿಲ್ಲದ ಹೂಳು, ಕೊಳೆ ಕೆಳಗಿನ ದೊಡ್ಡ ಕೆರೆಗೇ ಬರುತ್ತದೆ. ಅದಕ್ಕೆ 30 ಮೀಟರ್ ಬಿಟ್ಟೂ ಆಗ ಪ್ರಯೋಜನ ಕಡಿಮೆ.

ನನ್ನ ವಯಸ್ಸಿನವರು, ಕೆಲಸ ಹುಡುಕುತ್ತಿರುವವರು ಇದನ್ನು ಯಾಕೆ ತಲೆಗೆ ಹಚ್ಚಿಕೊಳ್ಳಬೇಕು? ಒಂದು ಕಾರಣ ಸ್ವಾರ್ಥದ್ದೇ. ಕಾಫಿ ಶಾಪಿನಲ್ಲಿ ಒಂದು ಗಂಟೆ ಕೂರಲು ಇನ್ನೂರು ರೂಪಾಯಿ ಬೇಕು. ಸಂಬಳವಿಲ್ಲದವನಿಗೆ ನಗರದಲ್ಲಿ ಸುಮ್ಮನೆ ಕೂರುವ ಜಾಗ ಕೆರೆ ದಂಡೆ ಬಿಟ್ಟರೆ ಎಷ್ಟಿದೆ? ಇನ್ನೊಂದು ಕಾರಣ, ಈ ಕೆಲಸ ಮಾಡಬೇಕಾದವರು ನಾವೇ. ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಫ್ಲೈಓವರ್, ಮೆಟ್ರೊ ಬೇಕು. ಕೊಳಚೆ ಘಟಕದಲ್ಲಿ ಇಂಟರ್ನ್‌ಶಿಪ್ ಮಾಡುತ್ತೇನೆ ಎಂದಾಗ ಗೆಳೆಯರು ಮೂಗು ಮುಚ್ಚಿಕೊಂಡು ನಕ್ಕರು. ನಗಲಿ, ಅರ್ಜಿ ಹಾಕಿದ್ದೇನೆ.

ಮುಂದಿನ ಭಾನುವಾರ ನಿಮ್ಮೂರ ಕೆರೆಗೆ ಹೋದರೆ ಒಂದು ಕೆಲಸ ಮಾಡಿ. ಫೋಟೊ ತೆಗೆಯಿರಿ, ಚುರುಮುರಿ ತಿನ್ನಿ, ಆರಾಮಾಗಿ ಕೂರಿ. ಎದ್ದು ಬರುವ ಮುಂಚೆ ನೀರು ಒಳಗೆ ಬರುವ ಕಡೆಗೂ ಒಮ್ಮೆ ನಡೆದು ಹೋಗಿ. ಅಲ್ಲಿ ಜೊಂಡು ಇದೆಯೋ, ಕಟ್ಟಡದ ಮಣ್ಣು ಸುರಿದಿದೆಯೋ, ನೊರೆ ಬರುತ್ತಿದೆಯೋ ನೋಡಿ. ಕಂಡದ್ದನ್ನು ಪಂಚಾಯಿತಿಗೋ ಪಾಲಿಕೆಗೋ ಒಂದು ಹಾಳೆಯಲ್ಲಿ ಬರೆದು ಕೊಡಿ.

ನನ್ನ ಗಣಿತದ ಪರೀಕ್ಷೆ ಮತ್ತೆ ಬರುತ್ತಿದೆ, ಈ ಸಲ ಪಾಸಾಗುತ್ತೇನೆ ಅನ್ನಿಸುತ್ತಿದೆ. ಅಜ್ಜಿಯ ಪ್ರಶ್ನೆಗೆ ಉಳಿದರ್ಧ ಉತ್ತರ ಹುಡುಕುವುದು ಅದಕ್ಕಿಂತ ಕಷ್ಟ. ನಮ್ಮೂರ ಕೆರೆಯಲ್ಲಿ ಚಿಕ್ಕಪ್ಪನ ಮಕ್ಕಳು ಹೆದರದೆ ಈಜು ಕಲಿತ ದಿನ ಆ ಉತ್ತರ ಸಿಕ್ಕಿದೆ ಎಂದುಕೊಳ್ಳುತ್ತೇನೆ.