ಎಂಜಿನ್ ನಿಂತರೆ ಎಲ್ಲಿ ಇಳೀತೀರಿ?

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಯಿಂದ ಹೊನ್ನಿಹಾಳದ ಹತ್ತಿರ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಇಂಥ ಸುದ್ದಿ ಬಂದಾಗೆಲ್ಲ ನಮ್ಮ ಬಾಯಲ್ಲಿ ಬರೋದು ಒಂದೇ ಮಾತು: "ವಿಮಾನ ಬಿತ್ತಂತಲೇ!" ಬೀಳೋದಕ್ಕೂ ಇಳಿಯೋದಕ್ಕೂ ಇರುವ ಅಂತರ ಎಂಜಿನಿಯರಿಂಗ್ ಓದುವ ನಮಗಾದರೂ ಗೊತ್ತಿರಬೇಕು ಅನ್ನೋದು ಈ ಬರಹದ ವಾದ.

ಈ ಅಂತರ ಚೆನ್ನಾಗಿ ಕಾಣೋದು ಮೋಟಾರ್ ಗ್ಲೈಡರಿನಲ್ಲಿ. ಉದ್ದನೆಯ ರೆಕ್ಕೆ, ಹಗುರ ಮೈ, ಒಂದು ಸಣ್ಣ ಎಂಜಿನ್. ಮೇಲೇರಲು ಎಂಜಿನ್ ಬೇಕು, ಏರಿದ ಮೇಲೆ ಅದನ್ನು ಬಂದ್ ಮಾಡಿ ತೇಲಬಹುದು. ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ ಎಷ್ಟು ಮೀಟರ್ ಮುಂದೆ ಹೋಗುತ್ತೆ ಅನ್ನೋದೇ ಗ್ಲೈಡ್ ರೇಷಿಯೋ. ಸೆಸ್ನಾ 172ರಂಥ ಸಣ್ಣ ವಿಮಾನಕ್ಕೆ ಇದು ಸುಮಾರು 9. ಮೋಟಾರ್ ಗ್ಲೈಡರಿಗೆ 25 ಅಂತ ಇಟ್ಟುಕೊಳ್ಳಿ.

ಲೆಕ್ಕಕ್ಕೆ ಮುಧೋಳವನ್ನೇ ತಗೊಳ್ಳೋಣ. ಊರಿನ ಮೇಲೆ, ನೆಲದಿಂದ 1000 ಮೀಟರ್ ಎತ್ತರದಲ್ಲಿ ಎಂಜಿನ್ ಕೈಕೊಟ್ಟಿತು. ಜಮಖಂಡಿ ನೇರ ಗೆರೆಯಲ್ಲಿ ಸುಮಾರು 20 ಕಿ.ಮೀ. ಗಾಳಿ ಇಲ್ಲದಿದ್ದರೆ ಸೆಸ್ನಾ 9 ಕಿ.ಮೀ. ಹೋಗಿ ಅರ್ಧ ದಾರಿಯಲ್ಲೇ ನೆಲ ಕಾಣುತ್ತೆ. ನಮ್ಮ ಗ್ಲೈಡರ್ ಜಮಖಂಡಿ ತಲುಪಿದಾಗಲೂ ಕೈಯಲ್ಲಿ 200 ಮೀಟರ್ ಎತ್ತರ ಉಳಿದಿರುತ್ತೆ. ಕೇಳೋಕೆ ಭಾರಿ ಆರಾಮ ಅನಿಸುತ್ತೆ, ಅಲ್ವಾ?

ಅಪಾಯ ಇರೋದು ಆ ಆರಾಮದಲ್ಲೇ. ಕೆಲವು ಮಾದರಿಗಳಲ್ಲಿ ಎಂಜಿನ್ ಮೂಗಿನಲ್ಲಿರುತ್ತೆ. ಇನ್ನು ಕೆಲವದರಲ್ಲಿ ಪ್ರೊಪೆಲ್ಲರ್ ಒಂದು ಕಂಬದ ಮೇಲಿದ್ದು, ಬೇಡವಾದಾಗ ಬೆನ್ನೊಳಗೆ ಮಡಚಿಕೊಳ್ಳುತ್ತೆ. ತೇಲುತ್ತಾ ತೇಲುತ್ತಾ ಎತ್ತರ ಕಡಿಮೆಯಾಯ್ತು, ಪೈಲಟ್ ಕಂಬ ಎತ್ತಿದ, ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಈಗ ಎಂಜಿನ್ನೂ ಇಲ್ಲ, ಮೊದಲಿದ್ದ ಗ್ಲೈಡೂ ಇಲ್ಲ. ಗಾಳಿಗೆ ಅಡ್ಡ ನಿಂತ ಕಂಬದಿಂದ ಡ್ರ್ಯಾಗ್ ಹೆಚ್ಚಾಗಿ ರೇಷಿಯೋ 25ರಿಂದ 12ಕ್ಕೆ ಬಂತು ಅನ್ನಿ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಮೊದಲು ನಿಮಿಷಕ್ಕೆ 60 ಮೀಟರ್ ಇಳಿಯುತ್ತಿದ್ದದ್ದು ಈಗ ಸುಮಾರು 125 ಮೀಟರ್ ಇಳಿಯುತ್ತೆ. ಕಾಪಾಡಬೇಕಿದ್ದ ಬ್ಯಾಕಪ್ಪೇ ಕಾಲಿಗೆ ಕಟ್ಟಿದ ಕಲ್ಲಾಯ್ತು.

ಅದಕ್ಕೇ ಅನುಭವಿ ಪೈಲಟ್‌ಗಳ ನಿಯಮ ಬಹಳ ಸರಳ: ಎಂಜಿನ್ ಸ್ಟಾರ್ಟ್ ಆಗೋದಿಲ್ಲ ಅಂತಲೇ ತಿಳಿ. ಮೊದಲು ಇಳಿಯೋ ಹೊಲ ಆರಿಸು, ಆಮೇಲೆ ಸ್ವಿಚ್ ಮುಟ್ಟು.

ಹೊಲ ಆರಿಸೋದೇನು ಸುಲಭವಾ? ಮುಧೋಳದ ಸುತ್ತ ಮೇಲಿಂದ ನೋಡಿದರೆ ಘಟಪ್ರಭೆಯ ಎರಡೂ ದಂಡೆಗೆ ಹಸಿರು ಜಮಖಾನ ಹಾಸಿದಂಗ ಕಾಣುತ್ತೆ. ಅದು ಆಳೆತ್ತರ ಮೀರಿದ ಕಬ್ಬು. ಒಂದು ಬದಿಯ ರೆಕ್ಕೆ ಸಿಕ್ಕಿಕೊಂಡರೆ ಗ್ಲೈಡರ್ ಗಿರ್ರನೆ ತಿರುಗಿಬಿಡುತ್ತೆ. ಕಟಾವಾದ ಜೋಳದ ಹೊಲ ವಾಸಿ, ಆದರೆ ಎರಿ ಭೂಮಿಗೆ ಮಳೆ ಬಿದ್ದಿದ್ದರೆ ಗಾಲಿ ಹೂತುಹೋಗುತ್ತೆ. ಸಾಲು ಯಾವ ದಿಕ್ಕಿಗಿದೆ, ಗಾಳಿ ಎತ್ತಲಿಂದ, ಪಂಪ್‌ಸೆಟ್ಟಿಗೆ ಎಳೆದ ತಂತಿ ಎಲ್ಲಿ? ತಂತಿ ಮೇಲಿಂದ ಕಾಣಲ್ಲ, ಕಂಬ ಹುಡುಕಬೇಕು. ಇದೆಲ್ಲ ಎತ್ತರ ಇದ್ದಾಗಲೇ ನೋಡಿಟ್ಟುಕೊಳ್ಳುವ ಮಾತು.

ಇಷ್ಟಾದರೂ ಪ್ರಾಣಕ್ಕೆ ಗ್ಯಾರಂಟಿ ಇಲ್ಲ. 2020ರ ಅಕ್ಟೋಬರ್ 4ರಂದು ಕೊಚ್ಚಿಯಲ್ಲಿ ನೌಕಾಪಡೆಯ ಮೋಟಾರ್ ಗ್ಲೈಡರ್ ತರಬೇತಿ ಹಾರಾಟದಲ್ಲಿ ಬಿದ್ದು ಇಬ್ಬರೂ ತೀರಿಕೊಂಡರು. ಇನ್ನೊಂದು ಕಡೆ, 1983ರ ಜುಲೈ 23ರಂದು ಕೆನಡಾದಲ್ಲಿ ಕಿಲೋ ಮತ್ತು ಪೌಂಡಿನ ಲೆಕ್ಕ ತಪ್ಪಿ ಬೋಯಿಂಗ್ 767ರ ಇಂಧನ ಆಕಾಶದಲ್ಲೇ ಖಾಲಿಯಾಯ್ತು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಗ್ಲೈಡರ್ ಹಾರಿಸಿ ಪಳಗಿದವರು. ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು, 69 ಜನರೂ ಉಳಿದರು. ಯೂನಿಟ್ ಬರೆಯದಿದ್ದರೆ ಅರ್ಧ ಮಾರ್ಕು ಕಟ್ ಮಾಡುವ ಮೇಷ್ಟ್ರ ಮೇಲೆ ಸಿಟ್ಟು ಬಂದಾಗ ಇದನ್ನು ನೆನಪಿಸಿಕೊಳ್ಳಿ.

"ಎಂಜಿನ್ ಕೆಡದಂತೆ ಮಾಡೋದೇ ನಮ್ಮ ಕೆಲಸ ಅಲ್ಲೇನು? ಕೆಟ್ಟ ಮೇಲಿನ ಚಿಂತಿ ಯಾಕ?" ಅಂತ ಕೇಳಬಹುದು. ಕೆಡದಂತೆ ಮಾಡೋದು ಅರ್ಧ ಕೆಲಸ. ಯಂತ್ರ ಅಂದ ಮೇಲೆ ಒಂದಿಲ್ಲೊಂದು ದಿನ ಕೆಡುತ್ತೆ. ಕಬ್ಬಿನ ಸೀಜನ್ನಿನಲ್ಲಿ ಒಂದೇ ಟ್ರ್ಯಾಕ್ಟರು ಎರಡು ಟ್ರೇಲರ್ ಎಳೆಯೋದನ್ನ ನೋಡಿದ್ದೀರಲ್ಲ? ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇರಲ್ಲ. ಇಳಿಜಾರಿನಲ್ಲಿ ಟ್ರ್ಯಾಕ್ಟರಿನ ಬ್ರೇಕ್ ಹೋದರೆ ಆ ಭಾರ ಎಲ್ಲಿ ನಿಲ್ಲಬೇಕು? ಹಿಂದೆ ಬೈಕಿನಲ್ಲಿ ಬರುವವನಿಗೆ, ಮುಂದೆ ರಸ್ತೆ ದಾಟುವ ಮುದುಕಿಗೆ ಯಾರು ಉತ್ತರ ಹೇಳಬೇಕು? ಇದಕ್ಕೆ ಹೊಲ ಆರಿಸಿಟ್ಟವರು ಯಾರೂ ಇಲ್ಲ.

ಕ್ಯಾಂಪಸ್ಸಿಗೆ ಬನ್ನಿ. ಫೈನಲ್ ಇಯರ್ ಪ್ರಾಜೆಕ್ಟ್ ಡೆಮೋದಲ್ಲಿ ಎಲ್ಲರೂ ಕೇಳೋದು "ವರ್ಕ್ ಆಗ್ತದಾ?" ಅಂತ. "ಆಗದಿದ್ರೆ ಏನಾಗ್ತದ?" ಅಂತ ಕೇಳೋರು ಕಡಿಮೆ. ಸೆನ್ಸಾರ್ ಸತ್ತರೆ ಪಂಪ್ ಆನ್ ಇರುತ್ತಾ, ಆಫ್ ಆಗುತ್ತಾ? ಕರೆಂಟ್ ಹೋಗಿ ಬಂದರೆ ಮೋಟಾರ್ ತಾನಾಗಿ ತಿರುಗಿ ಯಾರದಾದರೂ ಬೆರಳು ಕತ್ತರಿಸುತ್ತಾ? ರಿಪೋರ್ಟಿನಲ್ಲಿ ಈ ಪ್ರಶ್ನೆಗಳಿಗೆ ಒಂದೇ ಒಂದು ಪುಟ ಕಡ್ಡಾಯವಾಗಲಿ. ಡೆಮೋ ದಿನ ಪರೀಕ್ಷಕರೇ ಒಂದು ವೈರ್ ಕಿತ್ತು ನೋಡಲಿ. ಕೆಟ್ಟರೂ ಯಾರಿಗೂ ಪೆಟ್ಟಾಗದಂತೆ ನಿಂತ ಪ್ರಾಜೆಕ್ಟಿಗೆ ಪೂರ್ತಿ ಮಾರ್ಕು ಸಿಗಲಿ.

ಇದಕ್ಕೆ ಸಿಲಬಸ್ ಬದಲಾಗುವ ತನಕ ಕಾಯಬೇಕಿಲ್ಲ. ಈ ಸೆಮಿಸ್ಟರಿನ ಪ್ರಾಜೆಕ್ಟ್ ಟೀಮುಗಳೇ ಶುರು ಮಾಡಬಹುದು. ಸ್ವಿಚ್ ಹಾಕೋ ಮೊದಲು ಇಳಿಯೋ ಹೊಲ ಎಲ್ಲಿದೆ ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳಿ, ಅಷ್ಟು ಸಾಕು.